ಅಪ್‌ಡೇಟ್: ಮಣ್ಣಿನಿಂದ ತೆಗೆದ ನಾಣ್ಯಗಳ ಶುಚಿ
ಮೆಟಲ್ ಡಿಟೆಕ್ಟರ್‌ನಿಂದ ಸಿಕ್ಕ, ಇಂದಿಗೂ ಚಲಾವಣೆಯಲ್ಲಿರುವ ಕೊಳಕು ನಾಣ್ಯಗಳನ್ನು ಮತ್ತೆ ಬಳಸುವಷ್ಟು ಶುಚಿಗೊಳಿಸುವುದು ಹೇಗೆಂದು ಕೇಳಿದ್ದೆ. ಹಲವರು ಸೂಚಿಸಿದಂತೆ, ತಿರುಗುವ ಟಂಬ್ಲರ್‌ಗೆ (ಡಬ್ಬಿಯನ್ನು ಉರುಳಿಸುತ್ತಾ ಒಳಗಿನ ವಸ್ತುಗಳನ್ನು ಉಜ್ಜುವ ಯಂತ್ರ) ನಾಣ್ಯಗಳೊಂದಿಗೆ ಅಕ್ವೇರಿಯಂನ ಸಣ್ಣ ಕಲ್ಲು, ಅವು ಮುಳುಗುವಷ್ಟು ನೀರು ಹಾಗೂ ಪಾತ್ರೆ ತೊಳೆಯುವ ದ್ರವದ ಕೆಲವು ಹನಿ ಹಾಕಿ, ನಡುನಡುವೆ ಕೊಳೆನೀರು ಬದಲಿಸುತ್ತಾ ತಿರುಗಿಸಿದಾಗ ಗಟ್ಟಿಯಾಗಿ ಅಂಟಿದ್ದ ಮಣ್ಣೆಲ್ಲ ಬಿಟ್ಟುಹೋಯಿತು. ಸದ್ದು ಮಾತ್ರ ವಿಪರೀತ! ತಾಮ್ರದ ನಾಣ್ಯಗಳನ್ನು ಬೇರೆಯಾಗಿಯೇ ತಿರುಗಿಸಬೇಕೆಂಬ ಸಲಹೆ ಎಲ್ಲಕ್ಕಿಂತ ಉಪಯುಕ್ತವಾಯಿತು. ಒಟ್ಟಿಗೆ ಹಾಕಿದರೆ ತಾಮ್ರದ ಅಂಶ ಅಂಟಿ ಬಿಳಿ ನಾಣ್ಯಗಳು ಕೆಂಪಗಾಗುತ್ತವೆ. ವಿನೆಗರ್ ಮತ್ತು ಉಪ್ಪಿನ ದ್ರಾವಣ ತಾಮ್ರದ ಕಪ್ಪನ್ನು ಬೇಗ ಕರಗಿಸುತ್ತದೆಯಾದರೂ, ಒಳಗೆ ಸತುವಿದ್ದು ಮೇಲ್ಪದರ ಸವೆದಿರುವ ನಾಣ್ಯಗಳನ್ನು ಆಮ್ಲ ತಿಂದುಹಾಕುವುದರಿಂದ ಅವುಗಳಿಗೆ ಅದನ್ನು ಬಳಸಲಿಲ್ಲ. ಹಳೆಯವೆಂಬ ಸಂಶಯ ಬಂದ ನಾಣ್ಯಗಳನ್ನು ಉಜ್ಜದೆ ಪಕ್ಕಕ್ಕಿಟ್ಟಿದ್ದೇನೆ. ಗೀರು ಬಿದ್ದರೆ ಸಂಗ್ರಾಹಕರ ದೃಷ್ಟಿಯಲ್ಲಿ ಅವುಗಳ ಬೆಲೆ ಇಳಿಯುತ್ತದೆ.