ಉಪ್ಪಿಟ್ಟಿಗೆ ಸಕ್ಕರೆ: ಕದ್ದು ತಿನ್ನೋರೆಲ್ಲ ಹೊರಗೆ ಬನ್ನಿ

ಬಸ್‌ಸ್ಟಾಪ್ ಬಸವ
ನೇರವಾಗಿ ಕೇಳ್ತೀನಿ. ಬಿಸಿ ಉಪ್ಪಿಟ್ಟಿನ ಮೇಲೆ ಒಂದು ಚಮಚ ಸಕ್ಕರೆ ಉದುರಿಸಿ, ಅದು ಕರಗೋ ಮುಂಚೆ, ಹಲ್ಲಿಗೆ ಕರಕರ ಅನ್ನೋವಾಗಲೇ ತಿನ್ನೋರು ಇಲ್ಲಿ ಯಾರ್ಯಾರಿದ್ದೀರಿ? ಆಫೀಸ್ ಕ್ಯಾಂಟೀನಲ್ಲಿ ಕಾಫಿ ಕೌಂಟರಿಂದ ಸಕ್ಕರೆ ಪೊಟ್ಟಣ ಎತ್ಕೊಂಡು ಕಂಬದ ಹಿಂದೆ ನಿಂತು ತಿನ್ನೋರನ್ನ ನೋಡಿದ್ದೀನಿ. ಮೊಸರನ್ನಕ್ಕೆ ಮೈಸೂರು ಪಾಕ್ ಪುಡಿ ಮಾಡ್ಕೊಳ್ಳೋರು, ಮ್ಯಾಗಿಗೆ ಮೊಸರು ಸುರಿಯೋರು, ದೋಸೆನ ಕಾಫಿಗೆ ಅದ್ದೋರು ಎಲ್ಲರೂ ಬನ್ನಿ. ಇದರಲ್ಲಿ ನಾಚಿಕೆ ಪಡೋಂಥದ್ದು ಏನಿದೆ?

ಗಾಂಧಿಬಜಾರ್ ರಾಯರು
“ನಾಚಿಕೆ ಪಡೋಂಥದ್ದು ಏನಿದೆ” ಎಂದು ಕೇಳಿದ್ದೀರಿ. ಇದೆ. ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಶುಂಠಿ, ಕರಿಬೇವು ಹಾಕಿ ಒಗ್ಗರಣೆ ಕೊಟ್ಟು, ರವೆ ಹದವಾಗಿ ಹುರಿದು, ಕೊನೆಗೆ ನಿಂಬೆರಸ ಹಿಂಡಿ ಕಾಯಿತುರಿ ಉದುರಿಸಿ ಒಬ್ಬರು ಕಷ್ಟಪಟ್ಟು ಇಳಿಸಿರುತ್ತಾರೆ. ಅದರ ಮೇಲೆ ಸಕ್ಕರೆ ಸುರಿದರೆ ಮಾಡಿದವರ ಮುಖಕ್ಕೆ ಹೊಡೆದ ಹಾಗೆ. ಸಿಹಿಯೇ ಬೇಕಿದ್ದರೆ ಅದೇ ರವೆಯಲ್ಲಿ ಕೇಸರಿಬಾತ್ ಮಾಡಿಸಿಕೊಳ್ಳಿ.

ಬಸ್‌ಸ್ಟಾಪ್ ಬಸವ
“ಅದೇ ರವೆಯಲ್ಲಿ ಕೇಸರಿಬಾತ್”. ಸ್ವಾಮಿ, ನೀವಾಗೇ ಬಂದು ಸಿಕ್ಕಾಕ್ಕೊಂಡ್ರಿ. ಚೌಚೌ ಬಾತ್ ಅಂದ್ರೆ ಏನು? ಒಂದೇ ತಟ್ಟೆ, ಒಂದು ಕಡೆ ಖಾರಾಬಾತ್, ಇನ್ನೊಂದು ಕಡೆ ಕೇಸರಿಬಾತ್. ಬೆಂಗಳೂರಿನ ದರ್ಶಿನಿಗಳೆಲ್ಲ ಬೆಳಗಾಗೆದ್ದು ಮಾರೋದು ನಾನು ಹೇಳ್ತಿರೋ ಜೋಡಿನೇ. ಹೋಟೆಲಲ್ಲಾದ್ರೆ ಸಂಪ್ರದಾಯ, ನಾನು ಮಾಡಿದ್ರೆ ಅವಮಾನಾನಾ?

ಗಾಂಧಿಬಜಾರ್ ರಾಯರು
“ಒಂದೇ ತಟ್ಟೆ” ಎಂದ ಮಾತ್ರಕ್ಕೆ ಜೋಡಿ ಆಗುವುದಿಲ್ಲ. ಬಟ್ಟಲಲ್ಲಿ ಒತ್ತಿ ಬೋರಲು ಹಾಕಿದ ಎರಡು ಗುಡ್ಡೆ, ನಡುವೆ ಬೆರಳಗಲ ಜಾಗ. ಆ ಜಾಗ ಸುಮ್ಮನೆ ಬಿಟ್ಟಿರುವುದಲ್ಲ. ಮೊದಲು ಖಾರಾಬಾತ್ ಪೂರ್ತಿ ಮುಗಿಸುವುದು, ಆಮೇಲೆ ಕೇಸರಿಬಾತ್, ಅದಾದ ಮೇಲೆ ಕಾಫಿ. ಬೆರೆಸಿ ತಿನ್ನುವವರನ್ನು ನಾನಂತೂ ಕಂಡಿಲ್ಲ.

ಮಲ್ಪೆ ಮಾರಾಯ
“ಮೊದಲು ಖಾರಾಬಾತ್ ಪೂರ್ತಿ” ಅಂತ ಯಾರು ಮಾಡಿದ ಕಾನೂನು ಮಾರಾಯ್ರೆ? ನಮ್ಮಲ್ಲಿಗೆ ಬನ್ನಿ ಒಮ್ಮೆ. ಬೆಳಿಗ್ಗೆ ಹೋಟೆಲಿಗೆ ಹೋದರೆ ಸಜ್ಜಿಗೆ ಬಜಿಲ್ ಅಂತಲೇ ಕೊಡುವುದು. ನೀವು ಉಪ್ಪಿಟ್ಟು ಅನ್ನುವುದರ ಮೇಲೆ ಖಾರದ ಅವಲಕ್ಕಿ, ಎರಡನ್ನೂ ಕಲಸಿಯೇ ತಿನ್ನಬೇಕು. ಮನೆಯಲ್ಲಾದರೆ ಅದಕ್ಕೇ ಬಾಳೆಹಣ್ಣು ಕಿವುಚಿಕೊಳ್ಳುವವರೂ ಉಂಟು. ಮದುವೆ ಊಟದ ಅನಾನಸ್ ಮೆಣಸ್ಕಾಯಿಯಲ್ಲಿ ಬೆಲ್ಲ, ಹುಳಿ, ಎಳ್ಳು, ಒಣಮೆಣಸು ಎಲ್ಲ ಒಂದೇ ಪಾತ್ರೆಯಲ್ಲಿ ಕುದಿಯುವುದು. ಬೆರಳಗಲ ಜಾಗ ಎಲ್ಲಿ ಬಿಡುವುದು ಅಲ್ಲಿ?

ಗಾಂಧಿಬಜಾರ್ ರಾಯರು
ಮೆಣಸ್ಕಾಯಿ ಒಂದು ಅಡುಗೆ. ಅಡುಗೆಯವರು ಅಳತೆ ನೋಡಿ ಬೆಲ್ಲ ಹಾಕುತ್ತಾರೆ. ತಿನ್ನುವವನು ತಟ್ಟೆಯಲ್ಲಿ ತನಗೆ ತೋಚಿದ್ದನ್ನು ಸುರಿದುಕೊಳ್ಳುವುದು ಬೇರೆ. ಅಂದ ಹಾಗೆ, ಸಾಂಬಾರಿಗೂ ಬೆಲ್ಲ ಹಾಕುವ ಊರಿನವರ ಸಾಕ್ಷಿಯನ್ನು ಇಲ್ಲಿ ಎಷ್ಟು ನಂಬಬೇಕೋ ತಿಳಿಯದು.

ಮಲ್ಪೆ ಮಾರಾಯ
ಸಾಂಬಾರಿನ ಸುದ್ದಿಗೆ ಬರಬೇಡಿ. ಬೆಂಗಳೂರಿಗೆ ಹೋಟೆಲ್ ಊಟ ಕಲಿಸಿದ್ದು ಯಾರು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಎಂಟಿಆರ್ ಶುರು ಮಾಡಿದ್ದು 1924ರಲ್ಲಿ, ಮಾಡಿದ ಮಯ್ಯರು ಯಾವ ಕಡೆಯವರು? ಉಡುಪಿ ಕಡೆಯವರು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ರವೆಯಲ್ಲಿ ಇಡ್ಲಿ ಮಾಡಿದೆವು ಅಂತ ಅವರೇ ಹೇಳಿಕೊಳ್ಳುವುದು. ಅವತ್ತು ಯಾರಾದರೂ ರಾಯರು “ಇಡ್ಲಿಗೆ ರವೆ ಅವಮಾನ” ಅಂತ ಅಡ್ಡ ನಿಂತಿದ್ದರೆ ಇವತ್ತು ನಿಮಗೆ ರವೆ ಇಡ್ಲಿಯೂ ಇಲ್ಲ.

ಸಪ್ತಾಪುರದಾಕಿ
ಎಲ್ಲಾ ಬೆಂಗಳೂರು ಮತ್ತ ಉಡುಪಿ ನಡುವನs ಜಗಳಾಡ್ಲಿಕತ್ತೀರಿ. ಧಾರವಾಡದಾಗ ಉಪ್ಪಿಟ್ಟಿಗೆ ಸಕ್ರಿ ಹಾಕ್ಕೊಳ್ಳೋದು ಕದ್ದ ಮಾಡೋ ಕೆಲಸ ಅಲ್ರೀ, ಸಕ್ರಿ ಡಬ್ಬಿ ಎದುರಿಗೇ ಇರ್ತದ. ಚಹಾದಾಗ ಚುರಮರಿ ಹಾಕ್ಕೊಂಡು ಚಮಚಾಲೆ ತಿಂತೀವಿ. ನಿನ್ನಿ ಚಪಾತಿ ಸುರುಳಿ ಮಾಡಿ ಚಹಾದಾಗ ಅದ್ದತೀವಿ. ಕದ್ದ ತಿನ್ನೋದು ಅಂದ್ರ ಬ್ಯಾರೆ ಐತಿ: ಹೋಳಿಗಿ ಮ್ಯಾಲೆ ಕೆಂಪ್ ಮೆಣಸಿನಕಾಯಿ ಚಟ್ನಿ ಸವರಿ ತಿಂದ ನೋಡ್ರಿ. ಇದನ್ನ ಅತ್ತಿ ಮುಂದ ಮಾಡೂ ಹಂಗಿಲ್ಲ.

ಮಂಡ್ಯ ಮುದ್ದೆ
ಹೋಳಿಗೆಗೆ ಕೆಂಪು ಚಟ್ನಿ! ಅಕ್ಕಾ ನಿಮ್ ಕಾಲು ಎಲ್ಲಿದ್ದಾವು ತೋರ್ಸಿ. ನಾವು ಬಿಸಿ ಮುದ್ದೆನ ಹಾಲು ಬೆಲ್ಲದಲ್ಲೂ ನುಂಗಿದೀವಿ, ಇಡ್ಲಿಗೆ ಕೋಳಿ ಸಾರೂ ಹುಯ್ಕೊಂಡಿದೀವಿ. ರಾಯರೇ ಒಂದ್ ಮಾತು: ಮೊದಲು ಖಾರ, ಆಮೇಲೆ ಕೇಸರಿ ಅಂತೀರಲ್ಲ, ಹೊಟ್ಟೆ ಒಳಗೆ ಗೋಡೆ ಕಟ್ಟಿಸಿದೀರಾ?

ಗಾಂಧಿಬಜಾರ್ ರಾಯರು
ಹೊಟ್ಟೆಯ ಮಾತು ಯಾರೂ ಆಡಿಲ್ಲ. ನಾಲಿಗೆಯ ಮಾತು ನಡೆಯುತ್ತಿದೆ. ಗಮನವಿಟ್ಟು ಓದಿ ಬರೆಯಿರಿ.

ಸರ್ವಂ ಪಥ್ಯಂ
ಹೊಟ್ಟೆಯ ಮಾತು ಆಡಲೇಬೇಕು. ಚರಕ ಸಂಹಿತೆಯ ಸೂತ್ರಸ್ಥಾನ, 26ನೇ ಅಧ್ಯಾಯ. ವಿರುದ್ಧಾಹಾರ ಅಂದರೆ ಏನೆಂದು ಅಲ್ಲಿ ವಿಸ್ತಾರವಾಗಿ ಹೇಳಿದೆ. ಹಾಲಿನ ಜೊತೆ ಮೀನು, ಹಾಲಿನ ಜೊತೆ ಹುಳಿ ಹಣ್ಣು, ಸಮತೂಕದಲ್ಲಿ ಜೇನು ತುಪ್ಪ ಇವೆಲ್ಲ ನಿಷಿದ್ಧ. ಇಂದಿನವರು ಬಾಯಿಗೆ ರುಚಿಸಿದ್ದನ್ನೆಲ್ಲ ಬೆರೆಸಿ ತಿಂದು ಆಮೇಲೆ ಆಸಿಡಿಟಿ ಎಂದು ಮಾತ್ರೆ ನುಂಗುತ್ತಾರೆ.

ಬಸ್‌ಸ್ಟಾಪ್ ಬಸವ
ಪಟ್ಟಿ ಪೂರ್ತಿ ಓದಿದೆ ಸಾರ್. ಅದರಲ್ಲಿ ಉಪ್ಪಿಟ್ಟು-ಸಕ್ಕರೆ ಎಲ್ಲಿದೆ?

ಮಂಡ್ಯ ಮುದ್ದೆ
“ಜೇನು ತುಪ್ಪ ನಿಷಿದ್ಧ” ಅಂದ್ರೆ ದೇವಸ್ಥಾನದಲ್ಲಿ ಪಂಚಾಮೃತ ಅಂತ ಕೈಗೆ ಹಾಕೋದೇನು? ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಮೇಲೆ ಬಾಳೆಹಣ್ಣು ಬೇರೆ.

ಸರ್ವಂ ಪಥ್ಯಂ
“ಸಮತೂಕ” ಎಂಬುದನ್ನು ಬಿಟ್ಟು ಉಳಿದದ್ದನ್ನು ಓದಿದ್ದೀರಿ. ತೂಕ ಹೆಚ್ಚು ಕಡಿಮೆ ಇದ್ದರೆ ದೋಷವಿಲ್ಲ.

ಮಂಡ್ಯ ಮುದ್ದೆ
ಸರಿ ಬುಡಿ, ಇನ್ಮೇಲೆ ಅರ್ಚಕರು ಗರ್ಭಗುಡೀಲಿ ತಕ್ಕಡಿ ಇಟ್ಕೊಂಡಿರ್ಲಿ.

ಸರ್ವಂ ಪಥ್ಯಂ
ಶಾಸ್ತ್ರವನ್ನು ಗೇಲಿ ಮಾಡುವವರ ಜೊತೆ ನನಗೆ ಮಾತಿಲ್ಲ.

ಲ್ಯಾಬ್ ಕೋಟು
ಶಾಸ್ತ್ರ ಬೇಕಿದ್ದರೆ ಇಲ್ಲಿದೆ. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬ್ರೆಸ್ಲಿನ್ ಮತ್ತು ಬ್ಯೂಷಾಂ ಎಂಬ ಇಬ್ಬರು ತೋರಿಸಿದ್ದು: ಸೋಡಿಯಂ ಕಹಿಯನ್ನು ಅಡಗಿಸುತ್ತದೆ, ಕಹಿ ಅಡಗಿದಾಗ ಅದರಡಿ ಮುಚ್ಚಿಹೋಗಿದ್ದ ಸಿಹಿ ಮೇಲೆ ಬರುತ್ತದೆ. ಸಕ್ಕರೆ, ಯೂರಿಯಾ, ಸೋಡಿಯಂ ಅಸಿಟೇಟ್ ಬೆರೆಸಿ ಜನರಿಗೆ ರುಚಿ ನೋಡಿಸಿದ್ದರು. ಸೀಬೆಕಾಯಿಗೆ, ಅನಾನಸ್‌ಗೆ ಉಪ್ಪು ಸವರಿ ಮಾರುವುದರ ಹಿಂದೆ ಇರುವುದೂ ಇದೇ. ಅಂದರೆ ಉಪ್ಪು-ಸಿಹಿ ಜೋಡಿ ನಾಲಿಗೆಗೆ ಸಹಜ. ಬಸವ ಅವರದ್ದೇ ಸರಿ.

ಮಂಡ್ಯ ಮುದ್ದೆ
ಯೂರಿಯಾನಾ? ನಾವು ಗದ್ದೆಗೆ ಎರಚೋದನ್ನ ತಿನ್ಸಿದ್ರಾ?

ಲ್ಯಾಬ್ ಕೋಟು
ಕಹಿ ರುಚಿಗೆಂದು ಬಳಸಿದ್ದು. ವಿಷಯ ಅದಲ್ಲ.

ಗಾಂಧಿಬಜಾರ್ ರಾಯರು
ವಿಷಯ ಅದೇ. “ಕಹಿ ಅಡಗಿದಾಗ ಸಿಹಿ ಮೇಲೆ ಬರುತ್ತದೆ” ಎಂದು ನೀವೇ ಬರೆದಿದ್ದೀರಿ. ಉಪ್ಪಿಟ್ಟಿನಲ್ಲಿ ಕಹಿ ಎಲ್ಲಿಂದ ಬಂತು? ನಿಮ್ಮ ಮನೆಯಲ್ಲಿ ರವೆ ಸೀಯಿಸುತ್ತಾರೆಯೇ?

ಲ್ಯಾಬ್ ಕೋಟು
ಮನೆಯವರನ್ನು ಎಳೆಯಬೇಡಿ. ಇನ್ನೊಂದು ಸಂಗತಿ ಕೊಡುತ್ತೇನೆ, ಇದಕ್ಕೆ ಉತ್ತರ ಹೇಳಿ. ಒಂದೇ ರುಚಿಯನ್ನು ತಿನ್ನುತ್ತಾ ಹೋದಷ್ಟೂ ಅದರ ಮೇಲಿನ ಆಸೆ ಇಳಿಯುತ್ತದೆ, ಬೇರೆ ರುಚಿ ಬಾಯಿಗೆ ಬಿದ್ದ ಕೂಡಲೇ ಆಸೆ ಮರಳುತ್ತದೆ. ಬಾರ್ಬರಾ ರೋಲ್ಸ್ ಮತ್ತು ಜೊತೆಗಾರರು 1980ರ ದಶಕದಲ್ಲೇ ಇದರ ಮೇಲೆ ಕೆಲಸ ಮಾಡಿದ್ದಾರೆ. ಊಟ ಸಾಕು ಎಂದವರಿಗೂ ಜಾಮೂನಿಗೆ ಜಾಗ ಸಿಗುವುದು ಇದಕ್ಕೇ. ಹಾಗಾಗಿ ಒಂದು ತುತ್ತು ಖಾರ, ಒಂದು ತುತ್ತು ಕೇಸರಿ ತಿನ್ನುವುದೇ ಸರಿಯಾದ ವಿಧಾನ.

ಗಾಂಧಿಬಜಾರ್ ರಾಯರು
ಧನ್ಯವಾದ. “ಊಟ ಸಾಕು ಎಂದವರಿಗೂ ಜಾಮೂನಿಗೆ ಜಾಗ”. ಅಂದರೆ ಮೊದಲು ಊಟ, ಆಮೇಲೆ ಜಾಮೂನು. ಮೊದಲು ಖಾರ, ಆಮೇಲೆ ಕೇಸರಿ. ನಾನು ಮೊದಲಿಂದ ಹೇಳುತ್ತಿರುವುದು ಇದನ್ನೇ. ಜಾಮೂನನ್ನು ಸಾರನ್ನದಲ್ಲಿ ಯಾರೂ ಕಲಸುವುದಿಲ್ಲ.

ಸಪ್ತಾಪುರದಾಕಿ
“ಯಾರೂ ಕಲಸುವುದಿಲ್ಲ” ಅನ್ನಬ್ಯಾಡ್ರಿ. ನಮ್ಮ ಮಾಮಾ ಬುಂದೆ ಲಾಡು ಪುಡಿ ಮಾಡಿ ಮಸರನ್ನದಾಗ ಕಲಸ್ತಾರ. ಮದುವಿ ಮನಿಯೊಳಗ ಎಲ್ಲಾರೂ ಎದ್ದ ಮ್ಯಾಲೆ.

ಗಾಂಧಿಬಜಾರ್ ರಾಯರು
ಎಲ್ಲರೂ ಎದ್ದ ಮೇಲೆ ಏಕೆ? ಅದಕ್ಕೆ ಉತ್ತರ ಕೊಡಿ.

ಸಪ್ತಾಪುರದಾಕಿ
ನಿಮ್ಮಂಥಾವ್ರು ಬಾಜೂಕ ಕುಂತಿರ್ತಾರಲ್ರೀ, ಅದಕ್ಕ.

ಡಬ್ಲಿನ್ ದೊಡ್ಡಪ್ಪ
ಇಲ್ಲಿ ಐರ್ಲೆಂಡಿನಲ್ಲಿ ಬಿಳಿ ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಹಚ್ಚಿ, ನಡುವೆ ಟೇಟೋ ಕಂಪನಿಯ ಚೀಸ್-ಈರುಳ್ಳಿ ಚಿಪ್ಸ್ ತುಂಬಿ, ಅಂಗೈಯಲ್ಲಿ ಒತ್ತಿ ಪುಡಿ ಮಾಡಿ ತಿನ್ನುತ್ತಾರೆ. ಇಲ್ಲಿಯವರಿಗೆ ಅದರಲ್ಲಿ ನಾಚಿಕೆ ಏನೂ ಇಲ್ಲ, ಹೆಮ್ಮೆ. ನಾನೊಂದು ಹೆಜ್ಜೆ ಮುಂದೆ ಹೋಗಿ ಅದರೊಳಗೆ ಮಾವಿನ ಮಿಡಿ ಉಪ್ಪಿನಕಾಯಿಯ ರಸ ಸವರುತ್ತೇನೆ. ಬಿಸಿಬೇಳೆಬಾತಿಗೆ ಆಲೂ ಚಿಪ್ಸ್ ನಂಚಿಕೊಳ್ಳುವ ನಮಗೆ ಇದೇನು ಹೊಸದು?

ಮಲ್ಪೆ ಮಾರಾಯ
ಐರ್ಲೆಂಡ್ ಯಾಕೆ, ಕಾಸರಗೋಡಿನ ಆಚೆ ಹೋದರೆ ಸಾಕು. ಪುಟ್ಟು, ಬಾಳೆಹಣ್ಣು, ಹಪ್ಪಳ ಮೂರನ್ನೂ ಒಟ್ಟಿಗೆ ಕಿವುಚುತ್ತಾರೆ. ಓಣಂ ಊಟದಲ್ಲಿ ಪಾಯಸಕ್ಕೆ ಹಪ್ಪಳ ಪುಡಿ ಮಾಡಿ ಹಾಕಿ, ಬಾಳೆಹಣ್ಣು ಸೇರಿಸಿ, ಬಾಳೆಲೆಯಲ್ಲೇ ಬಳಿದು ತಿನ್ನುವುದು. ಉಪ್ಪು, ಸಿಹಿ, ಗರಿಗರಿ ಎಲ್ಲ ಒಟ್ಟಿಗೆ. ಸಾವಿರ ಜನ ಒಂದೇ ಪಂಕ್ತಿಯಲ್ಲಿ ಕೂತು ಮಾಡುವುದನ್ನು ಕದ್ದು ತಿಂದದ್ದು ಅನ್ನುತ್ತೀರಾ?

ಗಾಂಧಿಬಜಾರ್ ರಾಯರು
ಚರ್ಚೆ ಚೌಚೌ ಬಾತಿನದ್ದು. ಕೇರಳದ ಸಾಕ್ಷಿ ಬೇಡ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಹೋಗಿ ನೋಡಿ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್. ಸಾಂಬಾರ್ ಇಲ್ಲವೇ ಇಲ್ಲ, ಚಟ್ನಿ ಮಾತ್ರ. ಏನನ್ನು ಏತಕ್ಕೆ ಸೇರಿಸಬಾರದು ಎಂಬ ಶಿಸ್ತು ಇರುವ ಕಡೆ ಜನ ಇಂದಿಗೂ ರಸ್ತೆಯಲ್ಲಿ ನಿಂತು ತಿನ್ನುತ್ತಾರೆ.

ಬಸ್‌ಸ್ಟಾಪ್ ಬಸವ
“ಚಟ್ನಿ ಮಾತ್ರ”. ಹಾ, ಬಂದ್ರಿ ದಾರಿಗೆ. ಅಲ್ಲಿ ಚಟ್ನಿ ಯಾವ ಥರ ಇರುತ್ತೆ? ನೀರು ನೀರು. ನಿಮ್ಮ ತಟ್ಟೆಗೆ ಒಂದು ಸೌಟು ಬಿತ್ತು ಅಂದ್ರೆ ಅದು ಬೆರಳಗಲ ಜಾಗದಲ್ಲಿ ನಿಮ್ಮ ಮಾತು ಕೇಳ್ಕೊಂಡು ನಿಂತಿರುತ್ತಾ?

ಗಾಂಧಿಬಜಾರ್ ರಾಯರು
ಖಾರಾಬಾತಿನ ಮೇಲೆ ಹಾಕಿಸಿಕೊಳ್ಳಬೇಕು. ತಟ್ಟೆಯನ್ನು ಸ್ವಲ್ಪ ಓರೆ ಹಿಡಿಯಬೇಕು. ಇದೆಲ್ಲ ಹೇಳಿಕೊಡಬೇಕೆ?

ಮಂಡ್ಯ ಮುದ್ದೆ
ತಟ್ಟೆ ಓರೆ ಹಿಡಿದು ತಿಂಡಿ ತಿಂತಾರಂತೆ! ಒಂದ್ ಕೈಲಿ ತಟ್ಟೆ ಓರೆ, ಇನ್ನೊಂದ್ ಕೈಲಿ ಚಮಚ. ಪಕ್ಕದಲ್ಲಿರೋರ್ ಮೇಲೆ ಚಟ್ನಿ ಹರಿದ್ರೆ ಯಾರು ಜವಾಬ್ದಾರಿ?

ಗಾಂಧಿಬಜಾರ್ ರಾಯರು
ನಿಮ್ಮ ಧಾಟಿ ನೋಡಿದರೆ ಚರ್ಚೆಗೆ ಬಂದವರಂತೆ ಕಾಣುವುದಿಲ್ಲ. ಇಂಥವರಿಗೆ ಉತ್ತರಿಸಬೇಕಾದ ದರ್ದು ನನಗಿಲ್ಲ.

ಲ್ಯಾಬ್ ಕೋಟು
ರಾಯರೇ, ರೋಲ್ಸ್ ಅವರ ಸಂಗತಿಯನ್ನು ನೀವು ತಲೆಕೆಳಗು ಮಾಡಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಒಂದಾದ ಮೇಲೊಂದು ಎನ್ನುವುದಕ್ಕಿಂತ ಬದಲಿಸಿ ಬದಲಿಸಿ ತಿಂದರೆ...

ಗಾಂಧಿಬಜಾರ್ ರಾಯರು
ಯೂರಿಯಾದಿಂದ ಶುರು ಮಾಡಿದವರು ಊಟದ ಪದ್ಧತಿ ಹೇಳಬಾರದು.

ಸಪ್ತಾಪುರದಾಕಿ
ರಾಯರು ಸಿಟ್ಟಾಗ್ಯಾರ. ಒಂದs ಕೇಳ್ತೀನ್ರೀ, ಖರೇ ಹೇಳ್ರಿ. ತಟ್ಟಿ ಎಷ್ಟ ಓರೆ ಹಿಡದ್ರೂ ಚಟ್ನಿ ಒಂದೀಟು ಕೇಸರಿಬಾತಿನ ಅಂಚಿಗೆ ತಾಕೇ ತಾಕತೈತಿ. ಆ ಅಂಚು ಏನ್ ಮಾಡ್ತೀರಿ, ಬಿಟ್ಟ ಏಳ್ತೀರೇನು?

ಗಾಂಧಿಬಜಾರ್ ರಾಯರು
ಅನ್ನ ಚೆಲ್ಲಬಾರದು ಎಂದು ಕಲಿಸಿದ ಮನೆಯಲ್ಲಿ ಬೆಳೆದವನು ನಾನು. ಬಿಡುವುದಿಲ್ಲ. ತಿನ್ನುತ್ತೇನೆ.

ಬಸ್‌ಸ್ಟಾಪ್ ಬಸವ
ತಿಂತೀರಲ್ಲ. ಹೆಂಗಿರುತ್ತೆ?

ಗಾಂಧಿಬಜಾರ್ ರಾಯರು
ಪ್ರಶ್ನೆ ಅದಲ್ಲ.

ಮಲ್ಪೆ ಮಾರಾಯ
ಈಗ ಪ್ರಶ್ನೆ ಅದೇ ರಾಯರೇ. ತೆಂಗಿನಕಾಯಿ ಚಟ್ನಿ, ತುಪ್ಪ, ಸಕ್ಕರೆ, ಏಲಕ್ಕಿ. ಬಾಯಿಗೆ ಹೇಗೆ ಆಗುವುದು, ಒಂದು ಸಾಲು ಬರೆಯಿರಿ.

ಮಂಡ್ಯ ಮುದ್ದೆ
ಟೈಪ್ ಮಾಡ್ತಾವ್ರೆ ಅಂತ ತೋರಿಸ್ತಾ ಐತೆ. ಆಗ್ಲಿಂದ.

ಗಾಂಧಿಬಜಾರ್ ರಾಯರು
ಡಬ್ಲಿನ್‌ನವರು ಬ್ರೆಡ್ಡಿನೊಳಗೆ ಚಿಪ್ಸ್ ಇಟ್ಟು ಮಿಡಿ ಉಪ್ಪಿನಕಾಯಿ ಸವರುತ್ತೇನೆ ಎಂದು ಬರೆದು ಎಷ್ಟು ಹೊತ್ತಾಯಿತು. ಅದನ್ನು ಒಬ್ಬರಾದರೂ ಖಂಡಿಸಿದ್ದೀರಾ? ಮೊದಲು ಅವರನ್ನು ವಿಚಾರಿಸಿಕೊಳ್ಳಿ.