ಶೆಕೆಲ್‌ಗೆ ಎಷ್ಟು ಗ್ರಾಂ ಅಂತ ಹಿಡಿಯಬೇಕು? ಸಂಡೆ ಸ್ಕೂಲ್ ಪ್ರದರ್ಶನಕ್ಕೆ ಬೇಕಿತ್ತು

ಕಾಕ್ಸ್‌ಟೌನ್ ಟೀಚರ್:
ಎಲ್ಲರಿಗೂ ನಮಸ್ಕಾರ. ನಮ್ಮ ಸಂಡೆ ಸ್ಕೂಲ್ ಮಕ್ಕಳು ಈ ಸಲ ಬೈಬಲ್ ಕಾಲದ ತೂಕಗಳ ಬಗ್ಗೆ ಒಂದು ಟೇಬಲ್ ಇಡುತ್ತಿದ್ದಾರೆ. ಬಂದವರು ಮೊಬೈಲೋ, ಕೀ ಗೊಂಚಲೋ, ಟಿಫಿನ್ ಬಾಕ್ಸೋ ತಕ್ಕಡಿ ಮೇಲೆ ಇಡಬೇಕು. ಮಕ್ಕಳು ಗ್ರಾಂ ನೋಡಿ, ಅದು ಎಷ್ಟು ಮಿನಾ, ಎಷ್ಟು ಶೆಕೆಲ್, ಎಷ್ಟು ಗೇರಾ ಅಂತ ಚೀಟಿ ಬರೆದುಕೊಡುತ್ತಾರೆ. ಐಡಿಯಾ ಅವರದ್ದು, ಲೆಕ್ಕ ಮಾತ್ರ ನನ್ನ ತಲೆಗೆ ಬಿದ್ದಿದೆ.

ಒಂದೊಂದು ಪಟ್ಟಿಯಲ್ಲಿ ಒಂದೊಂದು ಅಂಕಿ ಇದೆ. ಶೆಕೆಲ್ ಒಂದು ಕಡೆ 11.3 ಗ್ರಾಂ, ಇನ್ನೊಂದು ಕಡೆ 11.4, ಮತ್ತೊಂದು ಕಡೆ 14. ಮಿನಾಗೆ 50 ಶೆಕೆಲ್ ಅಂತ ಒಬ್ಬರು, 60 ಅಂತ ಇನ್ನೊಬ್ಬರು. ಏಳನೇ ಕ್ಲಾಸ್ ಹುಡುಗಿಯೊಬ್ಬಳು ಬಿಡದೆ ಕೇಳ್ತಿದ್ದಾಳೆ. ಯಾವುದನ್ನು ಹಿಡಿಯಲಿ? ನಮ್ಮ ಹತ್ರ ಇರೋದು ಅಡುಗೆಮನೆಯ ಡಿಜಿಟಲ್ ತಕ್ಕಡಿ.

ಹಳೇ ಕಲ್ಲು:
ಮೇಡಂ, 14 ಬಿಟ್ಟುಬಿಡಿ. ಅದು ತೂರ್ ಪಟ್ಟಣದ ಬೆಳ್ಳಿ ನಾಣ್ಯದ ತೂಕ. ಯೇಸುವಿನ ಕಾಲದಲ್ಲಿ ದೇವಾಲಯದ ತೆರಿಗೆ ಕಟ್ಟುತ್ತಿದ್ದುದು ಆ ನಾಣ್ಯದಲ್ಲಿ. ನಿಮಗೆ ಬೇಕಿರೋದು ಅದಕ್ಕಿಂತ ಹಳೆಯದು.

ಯೆರೂಸಲೇಮ್, ಲಾಕೀಷ್, ಅರಾದ್ ಕಡೆ ಅಗೆದಾಗ ಸುಣ್ಣಕಲ್ಲಿನ ತೂಕದ ಕಲ್ಲುಗಳು ಸಿಕ್ಕಿವೆ. ಹೆಚ್ಚಿನವು ಕ್ರಿ.ಪೂ. 8–7ನೇ ಶತಮಾನದವು. ತಲೆ ಗುಮ್ಮಟದ ಹಾಗೆ, ತಳ ಚಪ್ಪಟೆ, ಮೇಲೆ ಗುರುತು ಕೊರೆದಿರುತ್ತದೆ. ಅವನ್ನು ತೂಗಿದರೆ ಶೆಕೆಲ್ ಸರಾಸರಿ 11.3 ಚಿಲ್ಲರೆ ಬರುತ್ತದೆ. ಒಂದು ಮಜಾ ನೋಡಿ: 8 ಶೆಕೆಲ್ ಕಲ್ಲಿನ ಮೇಲೆ ಈಜಿಪ್ಟಿನ 10ರ ಅಂಕಿ ಇರುತ್ತದೆ. 8 ಶೆಕೆಲ್ ಅಂದ್ರೆ ಸುಮಾರು 91 ಗ್ರಾಂ, ಅದು ಈಜಿಪ್ಟಿನ ಒಂದು ದೆಬೆನ್. ಅವರಲ್ಲಿ ದೆಬೆನ್‌ಗೆ 10 ಭಾಗ. ವ್ಯಾಪಾರ ಯಾರ ಜೊತೆ ನಡೀತಿತ್ತು ಅಂತ ಕಲ್ಲೇ ಹೇಳುತ್ತೆ.

ಮಿನಾ 60 ಅನ್ನೋದು ಯೆಹೆಜ್ಕೇಲ 45:12ರ ಲೆಕ್ಕ, ಬಾಬಿಲೋನಿನ ರೀತಿ. ಆದರೆ ವಿಮೋಚನಕಾಂಡ 38:25–26 ತೆಗೆದು ಮಕ್ಕಳ ಕೈಲೇ ಲೆಕ್ಕ ಹಾಕಿಸಿ. 6,03,550 ಜನ, ತಲೆಗೆ ಅರ್ಧ ಶೆಕೆಲ್. ಒಟ್ಟು 3,01,775 ಶೆಕೆಲ್. ಅಲ್ಲಿ ಬರೆದಿರೋದು 100 ತಲಾಂತು (ಮಿನಾಗಿಂತ ದೊಡ್ಡ ತೂಕ) 1,775 ಶೆಕೆಲ್. ಅಂದರೆ ತಲಾಂತಿಗೆ 3,000. ತಲಾಂತಿಗೆ 60 ಮಿನಾ ಅಂತ ಹಿಡಿದರೆ ಮಿನಾಗೆ 50 ಶೆಕೆಲ್.

ನಗರ್ತಪೇಟೆ ತಕ್ಕಡಿ:
ಮೇಲಿನವರು ಕಲ್ಲಿನ ಕಡೆಯಿಂದ ಹೇಳಿದರು, ನಾನು ತಕ್ಕಡಿ ಕಡೆಯಿಂದ ಹೇಳ್ತೀನಿ. ಚಿನ್ನದಂಗಡಿಗಳ ತಕ್ಕಡಿ ರಿಪೇರಿ ನನ್ನ ಕೆಲಸ.

11.3 ಅಥವಾ 11.4 ಅಂತ ತಲೆ ಕೆಡಿಸಿಕೊಳ್ಳಬೇಡಿ, ಟೀಚರಮ್ಮ. ನಿಮ್ಮ ತಕ್ಕಡಿ ಒಂದೊಂದು ಗ್ರಾಂ ಲೆಕ್ಕದಲ್ಲಿ ತೋರಿಸೋದು ಅಲ್ವಾ? ಗೇರಾ ಅಂದ್ರೆ ಶೆಕೆಲ್‌ನಲ್ಲಿ 20ನೇ ಒಂದು ಭಾಗ, 0.57 ಗ್ರಾಂ. ನಮ್ಮ ಗುಲಗಂಜಿ ಲೆಕ್ಕದಲ್ಲಿ ನಾಲ್ಕೈದು ಕಾಳು. ತಕ್ಕಡಿಯಲ್ಲಿ ಒಂದು ಗ್ರಾಂ ಆಚೀಚೆ ಆದರೆ ಎರಡು ಗೇರಾ ಹೋಯ್ತು. ಚೀಟಿಯಲ್ಲಿ ಗೇರಾ ಬರೆಯೋದು ಸುಮ್ನೆ ಶೋಕಿ. ಶೆಕೆಲ್‌ಗೆ ನಿಲ್ಲಿಸಿ. ಗೇರಾ ಬೇಕೇ ಬೇಕು ಅಂದ್ರೆ 0.01 ಗ್ರಾಂ ತೋರಿಸುವ ತಕ್ಕಡಿ ಯಾರಾದರೂ ಒಡವೆ ಅಂಗಡಿಯವರ ಹತ್ರ ಒಂದು ದಿನಕ್ಕೆ ಕೇಳಿ.

ಲೆಕ್ಕ ಸುಲಭ. ಗ್ರಾಂ ಅನ್ನು 11.4ರಿಂದ ಭಾಗಿಸಿ. ಪೂರ್ತಿ ಸಂಖ್ಯೆ ಶೆಕೆಲ್, ಪಾಯಿಂಟ್ ಆದ ಮೇಲೆ ಉಳಿದದ್ದನ್ನು 20ರಿಂದ ಗುಣಿಸಿದರೆ ಗೇರಾ. ಮೊಬೈಲ್ 190 ಗ್ರಾಂ ಇದ್ದರೆ 16 ಶೆಕೆಲ್, 13 ಗೇರಾ. ಶೆಕೆಲ್ 50 ದಾಟಿದರೆ ಒಂದು ಮಿನಾ. ಒಂದು ಕೆಜಿ ಅಂದ್ರೆ 1 ಮಿನಾ, 37 ಶೆಕೆಲ್, ಮೇಲೆ 14 ಗೇರಾ.

ದೊಡ್ಡವರು ಕೇಳಿದರೆ ಗ್ರಾಂ ಲೆಕ್ಕ ಹೇಳಲೇಬೇಡಿ. "ಒಂದು ತೊಲಕ್ಕಿಂತ ಚೂರು ಕಮ್ಮಿ" ಅನ್ನಿ ಸಾಕು. ಹಳೇ ತೊಲ 11.66 ಗ್ರಾಂ. ಈಗ ಕೆಲವರು 10 ಗ್ರಾಂಗೇ ತೊಲ ಅಂತಾರೆ, ಅದು ಬೇರೆ ಕಥೆ. ನಮ್ಮ ಅಂಗಡಿಗೆ ಬರೋ ಅಜ್ಜಿಯರಿಗಂತೂ ಅಬ್ರಹಾಮ ಹೊಲಕ್ಕೆ ಕೊಟ್ಟ 400 ಶೆಕೆಲ್ ಬೆಳ್ಳಿ ಅಂದ್ರೆ 400 ತೊಲ ಅಂದ ತಕ್ಷಣ ಕಣ್ಣಿಗೆ ಕಟ್ಟುತ್ತೆ.

ಕಾಕ್ಸ್‌ಟೌನ್ ಟೀಚರ್:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. 11.4, ಮಿನಾಗೆ 50, ಗೇರಾ ಇಲ್ಲ. ಫೈನಲ್. ಹುಡುಗರಿಗೆ ಮಾತ್ರ ಬೈಬಲ್‌ನ ದೈತ್ಯ ಗೊಲ್ಯಾತನ ಕವಚ ಬೇಕಂತೆ. 5,000 ಶೆಕೆಲ್ ಅಂದ್ರೆ 57 ಕೆಜಿ ಬಂತು. ಈಟಿಯ ಮೊನೆ 600 ಶೆಕೆಲ್, ಸುಮಾರು 6.8 ಕೆಜಿ. ಇದನ್ನ ತೋರಿಸೋದು ಹೇಗೆ?

ಹಳೇ ಕಲ್ಲು:
ಒಂದು ತಲಾಂತು 34 ಕೆಜಿ, ತುಂಬಿದ ಗ್ಯಾಸ್ ಸಿಲಿಂಡರ್‌ಗಿಂತ ಸ್ವಲ್ಪ ಜಾಸ್ತಿ. ಕವಚ ಹೆಚ್ಚುಕಮ್ಮಿ ಎರಡು ಸಿಲಿಂಡರ್. ಚಿತ್ರ ಬರೆಸಿ, ನಿಜವಾದ ಸಿಲಿಂಡರ್ ತರಿಸಬೇಡಿ!

ನಗರ್ತಪೇಟೆ ತಕ್ಕಡಿ:
ಕವಚ ಬಿಡಿ, ಕೈಯಲ್ಲಿ ಹಿಡಿಯೋ ಹಾಗೆ ಏನಾದರೂ ಕೊಡಿ. ನಾಣ್ಯ ಸಾಕು. 2011ರಲ್ಲಿ ಶುರುವಾದ ₹ ಗುರುತಿನ ಒಂದು ರೂಪಾಯಿ 3.79 ಗ್ರಾಂ. ಮೂರು ಜೋಡಿಸಿದರೆ 11.37, ಅಂದ್ರೆ ಒಂದು ಶೆಕೆಲ್. ಅದೇ ಸರಣಿಯ ಐದು ರೂಪಾಯಿ 6 ಗ್ರಾಂ, ಅದು ಬೆಕಾ. ಬೆಕಾ ಅಂದ್ರೆ ಅರ್ಧ ಶೆಕೆಲ್, ಆದರೆ ಸಿಕ್ಕಿರೋ ಬೆಕಾ ಕಲ್ಲುಗಳು ಅರ್ಧಕ್ಕಿಂತ ಚೂರು ಜಾಸ್ತಿ, 6ರ ಹತ್ತಿರವೇ ತೂಗುತ್ತವೆ. ಹತ್ತು ರೂಪಾಯಿ ನಾಣ್ಯ 7.7 ಗ್ರಾಂ, ಅದು ಹೆಚ್ಚುಕಮ್ಮಿ ಒಂದು ಪಿಮ್, ಅಂದ್ರೆ ಬೆಕಾಗೂ ಶೆಕೆಲ್‌ಗೂ ನಡುವಿನ ತೂಕ. ಫಿಲಿಷ್ಟಿಯರು ನೇಗಿಲ ಗುಳ ಹರಿತ ಮಾಡಿಕೊಡೋಕೆ ವಸೂಲಿ ಮಾಡ್ತಿದ್ದದ್ದು ಅಷ್ಟು ಬೆಳ್ಳಿ, 1 ಸಮುವೇಲ 13ರಲ್ಲಿದೆ.

ಒಂದು ಎಚ್ಚರಿಕೆ. ತೆನೆ ಚಿತ್ರ ಇರೋ 2019ರ ನಂತರದ ಒಂದು ರೂಪಾಯಿ ಸೇರಿಸಬೇಡಿ, ಅದು 3.09 ಗ್ರಾಂ ಅಷ್ಟೇ. ಐದರದ್ದೂ ತೂಕ ಬದಲಾಗಿದೆ. ಮಕ್ಕಳಿಗೆ ಆರಿಸೋಕೆ ಹೇಳಿ, ಖುಷಿಯಾಗಿ ಮಾಡ್ತಾರೆ.

ಕಾಕ್ಸ್‌ಟೌನ್ ಟೀಚರ್:
ಸರ್, ನಾಳೆಯೇ ಕಾಣಿಕೆ ಪೆಟ್ಟಿಗೆಯ ಚಿಲ್ಲರೆ ಎಣಿಸುವವರನ್ನು ಕೇಳಿ 2011ರದ್ದು ಆರಿಸಿಟ್ಟುಕೊಳ್ಳುತ್ತೇನೆ.