ಕಂಪನಿ ಪೋರ್ಟಲ್‌ನಿಂದ ಮೇಲ್ ಸರಿಯಾಗಿ ಹೋಗುವುದಿಲ್ಲ, ಗೊತ್ತಿದ್ದವರು ಹೇಳಿ

ಪ್ರಶ್ನೆ, ಬೈಕಂಪಾಡಿಯಿಂದ:

ಗೇರುಬೀಜ ಕಂಪನಿಯ ಪೋರ್ಟಲ್. ಲಿನಕ್ಸ್, ಟಾಮ್‌ಕ್ಯಾಟ್ (ಜಾವಾ ವೆಬ್ ಸರ್ವರ್), ಜಾವಾ 11. ಸರ್ವರ್ ಆಫೀಸಿನಲ್ಲೇ ಉಂಟು, ಮೇಲ್ ಗೂಗಲ್ ವರ್ಕ್‌ಸ್ಪೇಸ್. ಖರೀದಿದಾರರು ಫಾರ್ಮ್ ತುಂಬಿಸಿದರೆ ಸೇಲ್ಸ್‌ನವರಿಗೆ ಮೇಲ್ ಹೋಗಬೇಕು, ಆರ್ಡರ್ ಆದರೆ ಪಿಡಿಎಫ್ ಸಮೇತ ಖರೀದಿದಾರರಿಗೆ. ದಿನಕ್ಕೆ 300ರ ಆಸುಪಾಸು. ತೊಂದರೆ ಎಂತ ಅಂದರೆ, ಕೆಲವು ಸಲ ಸಬ್ಮಿಟ್ ಒತ್ತಿದ ಮೇಲೆ ಪೇಜ್ ಎರಡು ನಿಮಿಷ ಸುತ್ತುತ್ತಾ ಇರ್ತದೆ. ‘ಸೆಂಟ್’ ಅಂತ ಬಂದರೂ ಕೆಲವರಿಗೆ ತಲುಪುವುದಿಲ್ಲ. ಸಬ್ಜೆಕ್ಟ್ ಕನ್ನಡದಲ್ಲಿದ್ದರೆ ಬರೀ ಪ್ರಶ್ನೆಚಿಹ್ನೆ. ಸೇಲ್ಸ್‌ನವರು ರಿಪ್ಲೈ ಕೊಟ್ಟರೆ ಅದು ಖರೀದಿದಾರರಿಗೆ ಹೋಗದೆ ನಮ್ಮ ಪೋರ್ಟಲ್ ಅಕೌಂಟಿಗೇ ಬರ್ತದೆ. ಎಲ್ಲಿಂದ ಹಿಡಿಯುವುದು?

ಮಣಿಪಾಲದಿಂದ, ನೆಟ್‌ವರ್ಕ್ ಕೆಲಸದವರು:

ಆ ಎರಡು ನಿಮಿಷದಲ್ಲೇ ಉತ್ತರ ಉಂಟು. ಆಚೆಯ ಮೇಲ್ ಸರ್ವರಿನಿಂದ ಉತ್ತರವೇ ಬಾರದಿದ್ದರೆ ಲಿನಕ್ಸ್ ಮತ್ತೆ 6 ಸಲ ಬಾಗಿಲು ತಟ್ಟುತ್ತದೆ, ಕೈಬಿಡಲು ಒಟ್ಟು 127 ಸೆಕೆಂಡ್ ಬೇಕು. ಪೋರ್ಟ್ (ಸರ್ವರಿನ ಆ ಬಾಗಿಲು) ಮುಚ್ಚಿದ್ದಿದ್ದರೆ ‘ಕನೆಕ್ಷನ್ ರಿಫ್ಯೂಸ್ಡ್’ ಅಂತ ತಕ್ಷಣ ಬರುತ್ತಿತ್ತು. ಅಂದರೆ ನಡುವೆ ಯಾವುದೋ ಫೈರ್‌ವಾಲ್ ಪ್ಯಾಕೆಟ್ಟನ್ನು ಸದ್ದಿಲ್ಲದೆ ಬೀಳಿಸುತ್ತಾ ಉಂಟು. ಪಾಸ್‌ವರ್ಡ್ ಕೇಳುವ ಹಂತಕ್ಕೇ ನೀವು ಮುಟ್ಟಿಲ್ಲ, ಅದನ್ನು ಬದಲಿಸುತ್ತಾ ಕೂರಬೇಡಿ.

‘ಕೆಲವು ಸಲ’ ಅಂದಿರಲ್ಲ, ಎರಡು ಇಂಟರ್ನೆಟ್ ಲೈನ್ ಇದೆಯಾ ನೋಡಿ. ಮಳೆಗಾಲದಲ್ಲಿ ಫೈಬರ್ ಹೋಗಿ ಎರಡನೇ ಲೈನಿಗೆ ತಿರುಗಿದಾಗ, ಹೊರಗೆ ಹೋಗುವ ನಿಯಮ ಮೊದಲ ಲೈನಿಗೆ ಮಾತ್ರ ಬರೆದಿದ್ದರೆ ಹೀಗೇ ಆಗುವುದು. ಐಪಿ ನೋಡಿ ಒಳಗೆ ಬಿಡುವ ರಿಲೇ (ಮೇಲನ್ನು ಮುಂದೆ ಸಾಗಿಸುವ ಸರ್ವರ್) ಇಟ್ಟುಕೊಂಡಿದ್ದರೆ ಎರಡೂ ಲೈನಿನ ಸ್ಥಿರ ಐಪಿ ಅಲ್ಲಿ ಸೇರಿಸಲೇಬೇಕು.

ಪೋರ್ಟ್ 25 ಬಿಡಿ, ತುಂಬ ಕಡೆ ಅದಕ್ಕೆ ತಡೆ ಉಂಟು. 587 ಹಾಕಿ, ಜೊತೆಗೆ ಸ್ಟಾರ್ಟ್‌ಟಿಎಲ್‌ಎಸ್, ಅಂದರೆ ಮೊದಲು ಮಾಮೂಲಿ ಸಂಪರ್ಕ, ಆಮೇಲೆ ಟಿಎಲ್‌ಎಸ್ ಎಂಬ ಗೂಢಲಿಪಿ. 465 ಆದರೆ ಮೊದಲ ಬೈಟ್‌ನಿಂದಲೇ ಟಿಎಲ್‌ಎಸ್. ಇವೆರಡನ್ನು ಅದಲುಬದಲು ಮಾಡಿದರೆ ಒಂದು ಕಡೆ ‘ಅನ್‌ರೆಕಗ್ನೈಸ್ಡ್ ಎಸ್‌ಎಸ್‌ಎಲ್ ಮೆಸೇಜ್’ ಅಂತ ಬೈಸಿಕೊಳ್ತೀರಿ, ಇನ್ನೊಂದು ಕಡೆ ಸುಮ್ಮನೆ ಕಾಯ್ತಾ ಇರ್ತೀರಿ.

ಪರೀಕ್ಷೆಯನ್ನು ನಿಮ್ಮ ಲ್ಯಾಪ್‌ಟಾಪ್‌ನಿಂದ ಮಾಡಬೇಡಿ, ಸರ್ವರಿನೊಳಗೆ ಕೂತು ಓಪನ್‌ಎಸ್‌ಎಸ್‌ಎಲ್ ಎಂಬ ಟೂಲ್‌ನಿಂದ ಮಾಡಿ. ಅಲ್ಲೊಂದು ಗುಂಡಿ ಉಂಟು: ಸಾಲಿನ ಮೊದಲ ಅಕ್ಷರ ದೊಡ್ಡ ‘ಆರ್’ ಆದರೆ ಆ ಟೂಲ್ ಅದನ್ನು ತನಗೆ ಕೊಟ್ಟ ಆಜ್ಞೆ ಅಂದುಕೊಳ್ಳುತ್ತದೆ, ಮೇಲ್ ಯಾರಿಗೆ ಎಂದು ಹೇಳುವ ‘ಆರ್‌ಸಿಪಿಟಿ’ ಸಾಲು ಸರ್ವರಿಗೆ ಹೋಗುವುದೇ ಇಲ್ಲ. ಸಣ್ಣಕ್ಷರದಲ್ಲಿ ಟೈಪ್ ಮಾಡಿ.

ಕೊಡಿಯಾಲ್‌ಬೈಲಿನಿಂದ, ಜಾವಾ ಕೆಲಸದವರು:

ಮೇಲಿನದು ಸರಿ. ಆದರೆ ಫೈರ್‌ವಾಲ್ ತೆರೆದ ಮೇಲೂ ಇದನ್ನು ಮಾಡಿ. ಜಾವಾದಿಂದ ಮೇಲ್ ಕಳಿಸುವ ಲೈಬ್ರರಿ ಜಾವಾಮೇಲ್‌ನಲ್ಲಿ ಟೈಮ್‌ಔಟ್ (ಕಾಯುವ ಗಡುವು) ಎಂಬುದು ತಾನಾಗಿ ಇರುವುದಿಲ್ಲ, ಸಂಪರ್ಕ ಆದ ಮೇಲೆ ಉತ್ತರಕ್ಕೆ ಎಷ್ಟು ಹೊತ್ತಾದರೂ ಕಾಯುತ್ತದೆ. ಕನೆಕ್ಷನ್ ಟೈಮ್‌ಔಟ್ 10000, ಓದುವ ಮತ್ತು ಬರೆಯುವ ಟೈಮ್‌ಔಟ್ 20000 ಹಾಕಿ, ಲೆಕ್ಕ ಮಿಲಿಸೆಕೆಂಡಿನಲ್ಲಿ. ಸ್ಟಾರ್ಟ್‌ಟಿಎಲ್‌ಎಸ್ ‘ಎನೇಬಲ್’ ಮಾತ್ರ ಸಾಲದು, ‘ರಿಕ್ವೈರ್ಡ್’ ಕೂಡ ಟ್ರೂ ಮಾಡಿ. ಇಲ್ಲದಿದ್ದರೆ ಆಚೆಯವರು ಟಿಎಲ್‌ಎಸ್ ಕೊಡದಿದ್ದಾಗ ಮೇಲ್ ಬಿಚ್ಚಿಟ್ಟ ಪತ್ರದ ಹಾಗೆ ಹೋಗ್ತದೆ.

ಸಬ್ಮಿಟ್ ಬಟನ್‌ನಿಂದ ನೇರ ಮೇಲ್ ಕಳಿಸುವುದೇ ತಪ್ಪು. ಫಾರ್ಮ್ ಬಂದದ್ದನ್ನು ಒಂದು ಟೇಬಲ್‌ಗೆ ಬರೆದು ಖರೀದಿದಾರರಿಗೆ ಪೇಜ್ ತೋರಿಸಿಬಿಡಿ, ಕಳಿಸುವ ಕೆಲಸ ಹಿಂದೆ ಬೇರೆ ಥ್ರೆಡ್ ಮಾಡಲಿ. ಮೇಲ್ ಸರ್ವರಿನ ಉತ್ತರದ ಕೋಡ್ 4ರಿಂದ ಶುರುವಾದರೆ ತೊಂದರೆ ತಾತ್ಕಾಲಿಕ, 5, 15, 60 ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. 5ರಿಂದ ಶುರುವಾದರೆ ಅದೇ ಮೇಲನ್ನು ಮತ್ತೆ ಕಳಿಸಬೇಡಿ, ಮನುಷ್ಯರಿಗೆ ತೋರಿಸಿ.

ಉಡುಪಿಯಿಂದ, ಮೇಲ್ ಅಡ್ಮಿನ್:

‘ಸೆಂಟ್’ ಅಂದರೆ ಗೂಗಲ್ 250 (ಸರಿ ಎಂಬ ಕೋಡ್) ಹೇಳಿ ಮೇಲ್ ಕೈಗೆ ತೆಗೆದುಕೊಂಡಿತು ಅಂತ ಮಾತ್ರ, ಖರೀದಿದಾರರಿಗೆ ಮುಟ್ಟಿತು ಅಂತ ಅಲ್ಲ. ಮುಂದೆ ಎಲ್ಲಿ ನಿಂತಿತು ಎಂಬುದು ಅಡ್ಮಿನ್ ಕನ್ಸೋಲಿನ ಇಮೇಲ್ ಲಾಗ್ ಸರ್ಚ್‌ನಲ್ಲಿ ಸಿಗ್ತದೆ. ಬೌನ್ಸ್ (ಮೇಲ್ ತಲುಪಲಿಲ್ಲ ಎಂಬ ಸೂಚನೆ) ಬರುವ ವಿಳಾಸವನ್ನು ಯಾರೂ ತೆರೆಯದ ‘ನೋ ರಿಪ್ಲೈ’ ಡಬ್ಬಿಗೆ ಕೊಡಬೇಡಿ ಮಾರಾಯ್ರೆ, ಕಾರಣ ಎಲ್ಲ ಅದರೊಳಗೇ ಬಿದ್ದಿರ್ತದೆ.

ರಿಪ್ಲೈ ವಿಷಯ: ನಿಮ್ಮ ಫಾರ್ಮ್ ಬಹುಶಃ ಖರೀದಿದಾರರ ವಿಳಾಸವನ್ನು ‘ಫ್ರಮ್’ನಲ್ಲಿ ಹಾಕುತ್ತಿದೆ. ಜಿಮೇಲ್ ಅಕೌಂಟಿನಲ್ಲಿ ಲಾಗಿನ್ ಆಗಿ ಕಳಿಸಿದರೆ ಗೂಗಲ್ ಅದನ್ನು ಅಳಿಸಿ ಲಾಗಿನ್ ಆದ ವಿಳಾಸವನ್ನೇ ಬರೆಯುತ್ತದೆ, ಹಾಗಾಗಿ ಉತ್ತರ ನಿಮಗೇ ವಾಪಸ್. ಬೇರೆ ರಿಲೇಯಲ್ಲಿ ಹಾಗೇ ಬಿಟ್ಟರೂ, ಅವರ ಡೊಮೈನ್‌ನ ಡಿಮಾರ್ಕ್ (ನಕಲಿ ‘ಫ್ರಮ್’ ಇರುವ ಮೇಲನ್ನು ಏನು ಮಾಡಬೇಕೆಂಬ ನಿಯಮ) ಬಿಗಿ ಇದ್ದರೆ ಮೇಲ್ ತಿರಸ್ಕಾರವಾಗ್ತದೆ. ‘ಫ್ರಮ್’ನಲ್ಲಿ ಯಾವತ್ತೂ ನಿಮ್ಮ ಡೊಮೈನ್ ವಿಳಾಸ, ಖರೀದಿದಾರರದ್ದು ‘ರಿಪ್ಲೈ ಟು’ನಲ್ಲಿ. ಹೆಸರು, ಸಬ್ಜೆಕ್ಟ್ ಫೀಲ್ಡಿನಲ್ಲಿ ಹೊಸ ಸಾಲಿನ ಅಕ್ಷರ ಬಂದರೆ ತೆಗೆದುಹಾಕಿ. ಅದರ ಮೂಲಕ ಸ್ಪ್ಯಾಮಿನವರು ಬಿಸಿಸಿ (ಗುಪ್ತ ಪ್ರತಿ) ಸಾಲು ತೂರಿಸ್ತಾರೆ.

ಡಿಎನ್‌ಎಸ್‌ನಲ್ಲಿ (ಡೊಮೈನಿನ ದಾಖಲೆಗಳಲ್ಲಿ) ಎಸ್‌ಪಿಎಫ್ ಸಾಲು, ಅಂದರೆ ನಿಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂಬ ಪಟ್ಟಿ, ಒಂದೇ ಇರಬೇಕು. ಹಳೆ ಹೋಸ್ಟಿಂಗ್‌ನದ್ದು ಒಂದು, ಗೂಗಲ್‌ದು ಒಂದು ಇದ್ದರೆ ಎರಡೂ ಲೆಕ್ಕಕ್ಕಿಲ್ಲ. ಸೇರಿಸಿ ಒಂದು ಮಾಡಿ, ಒಳಗಿನ ಲುಕಪ್ (ಡಿಎನ್‌ಎಸ್ ಹುಡುಕಾಟ) 10 ಮೀರಬಾರದು. ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಕೀ 2048 ಬಿಟ್ ಇಡಿ. ಒಂದು ತುಂಡಿಗೆ 255 ಅಕ್ಷರದ ಮಿತಿ ಇರುವುದರಿಂದ ಕೆಲವು ಡಿಎನ್‌ಎಸ್ ಪ್ಯಾನಲ್‌ನಲ್ಲಿ ಎರಡು ತುಂಡು ಮಾಡಿ ಹಾಕಬೇಕು. ಆಮೇಲೆ ಕನ್ಸೋಲಿನಲ್ಲಿ ‘ಸ್ಟಾರ್ಟ್ ಅಥೆಂಟಿಕೇಶನ್’ ಒತ್ತಲು ಮರೆಯುವವರೇ ಹೆಚ್ಚು. ಡಿಮಾರ್ಕ್ ಮೊದಲು ‘ನನ್’ (none, ಯಾವ ಮೇಲನ್ನೂ ತಡೆಯದ) ಹಂತದಲ್ಲಿ ಇಟ್ಟು ವರದಿ ನೋಡಿ.

ಬೈಕಂಪಾಡಿಯಿಂದ:

ಎರಡನೇ ಲೈನಿಗೆ ನಿಯಮವೇ ಇರಲಿಲ್ಲ, ಸೇರಿಸಿದೆವು. ಈಗ ಪಾಸ್‌ವರ್ಡ್ ಸರಿ ಇದ್ದರೂ 535 (ಲಾಗಿನ್ ಒಪ್ಪಲಿಲ್ಲ ಎಂಬ ಕೋಡ್) ಬರ್ತದೆ.

ಉಡುಪಿಯಿಂದ:

ಅಕೌಂಟಿನ ಮಾಮೂಲಿ ಪಾಸ್‌ವರ್ಡ್ ಅಲ್ಲಿ ನಡೆಯುವುದಿಲ್ಲ. ಪೋರ್ಟಲ್‌ಗೆಂದೇ ಬೇರೆ ಅಕೌಂಟ್ ಮಾಡಿ, ಯಾರದೋ ವೈಯಕ್ತಿಕ ಅಕೌಂಟ್ ಬೇಡ. ಎರಡು ಹಂತದ ಪರಿಶೀಲನೆ ಆನ್ ಮಾಡಿ, ಆಪ್ ಪಾಸ್‌ವರ್ಡ್ ಪಡೆಯಿರಿ. 16 ಅಕ್ಷರ, ನಾಲ್ಕು ನಾಲ್ಕಾಗಿ ಬಿಡಿಸಿ ತೋರಿಸ್ತದೆ. ನಡುವಿನ ಜಾಗ ಬಿಟ್ಟು ಸೇರಿಸಿ ಹಾಕಿ. ಮುಖ್ಯ ಪಾಸ್‌ವರ್ಡ್ ಬದಲಿಸಿದ ದಿನ ಇದು ರದ್ದಾಗ್ತದೆ, ಹೊಸದು ಮಾಡಬೇಕು. ದಿನಕ್ಕೆ 2,000 ಮೇಲ್‌ನ ಮಿತಿ ಉಂಟು, ನಿಮ್ಮ 300ಕ್ಕೆ ಧಾರಾಳ.

ಕೊಡಿಯಾಲ್‌ಬೈಲಿನಿಂದ:

ಕನ್ನಡ ಸಬ್ಜೆಕ್ಟ್ ಬಾಕಿ ಉಳಿಯಿತಲ್ಲ. ಬರೀ ಪ್ರಶ್ನೆಚಿಹ್ನೆ ಬಂದರೆ ಅಕ್ಷರ ನಿಮ್ಮ ಸರ್ವರಿನಲ್ಲೇ ಕಳೆದುಹೋಗಿದೆ. ಚಿತ್ರವಿಚಿತ್ರ ಲ್ಯಾಟಿನ್ ಅಕ್ಷರ ಬಂದರೆ ಬೈಟ್ ಸರಿ, ಯಾವ ಅಕ್ಷರಸಂಕೇತ ಎಂಬ ಹಣೆಪಟ್ಟಿ ತಪ್ಪು. ನಿಮ್ಮದು ಮೊದಲನೆಯದು. ಜಾವಾ 18ಕ್ಕಿಂತ ಹಿಂದಿನದು ಆಪರೇಟಿಂಗ್ ಸಿಸ್ಟಮ್‌ನ ಲೊಕೇಲ್ (ಭಾಷೆ, ಅಕ್ಷರದ ಸೆಟ್ಟಿಂಗ್) ನೋಡುತ್ತದೆ. ಟಾಮ್‌ಕ್ಯಾಟ್ ಕೈಯಲ್ಲಿ ಶುರು ಮಾಡಿದರೆ ಕನ್ನಡ ಬರ್ತದೆ, ಸರ್ವಿಸ್ ಆಗಿ ಎದ್ದರೆ ಬರುವುದಿಲ್ಲ ಅಂತಾದರೆ ಕಾರಣ ಇದೇ. ಸೆಟ್‌ಸಬ್ಜೆಕ್ಟ್‌ಗೆ ಎರಡನೇ ಪ್ಯಾರಾಮೀಟರ್ ಆಗಿ ಯುಟಿಎಫ್-8 (ಕನ್ನಡವೂ ಸೇರುವ ಅಕ್ಷರಸಂಕೇತ) ಕೊಡಿ, ದೇಹದ ಪಠ್ಯಕ್ಕೂ ಹಾಗೇ.

ಪಿಡಿಎಫ್ ಮೇಲ್‌ನಲ್ಲಿ ಹೋಗಲು ಬೇಸ್64 ಎಂಬ ಅಕ್ಷರರೂಪ ಆಗುವಾಗ ಮೂರನೇ ಒಂದು ಪಾಲು ಉಬ್ಬುತ್ತದೆ, ಆದ್ದರಿಂದ ಜಿಮೇಲ್‌ನ 25 ಎಂಬಿ ಮಿತಿಯಲ್ಲಿ ಹೋಗುವ ಫೈಲ್ ಹೆಚ್ಚೆಂದರೆ 18 ಎಂಬಿ.

ಎಲ್ಲ ಆದ ಮೇಲೆ ಕನ್ನಡ ಸಬ್ಜೆಕ್ಟ್, ಪಿಡಿಎಫ್ ಎರಡೂ ಇರುವ ಒಂದು ಮೇಲನ್ನು ಕಂಪನಿಯ ಹೊರಗಿನ ಜಿಮೇಲ್‌ಗೆ ಕಳಿಸಿ, ಅಲ್ಲಿ ‘ಶೋ ಒರಿಜಿನಲ್’ ತೆರೆಯಿರಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಎದುರೂ ‘ಪಾಸ್’ ಕಾಣಬೇಕು. ಫೈಬರ್ ಲೈನಿನಲ್ಲಿ ಒಮ್ಮೆ, ಅದರ ಕೇಬಲ್ ಎಳೆದು ಎರಡನೇ ಲೈನಿನಲ್ಲಿ ಇನ್ನೊಮ್ಮೆ.